ಟೊಮೆಟೊ ಮಂಡಿಯ ಚಾಟ್ ಸರ್ವರ್: ಮೂರನೇ ಸಲಕ್ಕೆ ಗಟ್ಟಿಯಾಗಿ ನಿಂತ ನನ್ನ ಸಾಕೆಟ್ ಕ್ಲಾಸ್

ಹೋದ ಸೀಸನ್‌ನಲ್ಲಿ ನನ್ನ ಚಾಟ್ ಸರ್ವರ್ ಎಪ್ಪತ್ತು ದಿನದ ಮೇಲೆ ಒಂದು ಸಲವೂ ಬೀಳದೆ ಓಡಿತು. ಆಮೇಲೂ ಅದು ಬೀಳಲಿಲ್ಲ, ಅಪ್‌ಡೇಟ್ ಹಾಕೋಕೆ ನಾನೇ ನಿಲ್ಲಿಸಿದೆ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕಂದ್ರೆ ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಕ್ಲಾಸ್‌ಮೇಟ್ ಒಬ್ಬ, "ಸಾಕೆಟ್ ಕ್ಲಾಸ್ ನೀನೇ ಬರೀತೀಯಾ? ರೆಡಿಮೇಡ್ ಲೈಬ್ರರಿ ಬೇಕಾದಷ್ಟಿದೆ ಕಣೋ, ಸುಮ್ನೆ ಟೈಮ್ ವೇಸ್ಟ್" ಅಂತ ನಕ್ಕಿದ್ದ. ಸಾಕೆಟ್ ಅಂದ್ರೆ ನೆಟ್‌ವರ್ಕಿನಲ್ಲಿ ಎರಡು ಪ್ರೋಗ್ರಾಮ್ ಮಾತಾಡುವ ಕನೆಕ್ಷನ್ನಿನ ತುದಿ, ಅದನ್ನು ನೋಡಿಕೊಳ್ಳುವ ಕೋಡಿನ ತುಂಡೇ ಸಾಕೆಟ್ ಕ್ಲಾಸ್. ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಎರಡು ಸೀಸನ್ ನನಗೆ ಮಣ್ಣುಪಾಲಾಯಿತು.

ಕೋಲಾರದಲ್ಲಿ ನನ್ನದೊಂದು ಚಿಕ್ಕ ಕಂಪ್ಯೂಟರ್ ಅಂಗಡಿ. ಎಪಿಎಂಸಿಯ ಟೊಮೆಟೊ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಹರಾಜು ನಡೆಯುವಾಗ ಯಾವ ಲಾಟು ಎಷ್ಟಕ್ಕೆ ಹೋಯಿತು ಅಂತ ಖರೀದಿದಾರರಿಗೆ, ಲಾರಿಯವರಿಗೆ, ತೋಟದಲ್ಲಿ ಹಣ್ಣು ಕೀಳಿಸುತ್ತಾ ನಿಂತ ರೈತರಿಗೆ ಆಗಿಂದಾಗಲೇ ಗೊತ್ತಾಗಬೇಕು. ವಾಟ್ಸಾಪ್ ಗ್ರೂಪ್ ಇತ್ತು, ಇಲ್ಲ ಅಂತಲ್ಲ. ಅದರಲ್ಲಿ ರೇಟಿಗಿಂತ ಗುಡ್ ಮಾರ್ನಿಂಗ್ ಹೂವಿನ ಫೋಟೋನೇ ಜಾಸ್ತಿ. ಒಬ್ಬ ಮಂಡಿ ಮಾಲೀಕರು ಕರೆದು, "ರೇಟ್ ಮಾತ್ರ ಬರಂಗೆ, ಸಾಲಾಗಿ ಬರಂಗೆ ಒಂದು ಮಾಡ್ಕೊಡಪ್ಪಾ" ಅಂದರು. 25,000ಕ್ಕೆ ಮಾತಾಯಿತು. ಅಡ್ವಾನ್ಸ್ 5,000.

ರೆಡಿಮೇಡ್ ಯಾಕೆ ಬೇಡ ಅಂದೆ? ನನ್ನ ವಿಪಿಎಸ್‌ನಲ್ಲಿ (ಬಾಡಿಗೆಗೆ ಹಿಡಿದ ಲಿನಕ್ಸ್ ಸರ್ವರ್) ಇರೋದು 1 ಜಿಬಿ ರ‍್ಯಾಮ್, ತಿಂಗಳಿಗೆ 600 ರೂಪಾಯಿ ಚಿಲ್ಲರೆ. ಮಂಡಿಯಲ್ಲಿ ಇರೋದು ವಿಂಡೋಸ್ 7ರ ಹಳೇ ಪಿಸಿ. ಎರಡೂ ಕಡೆ ಒಂದೇ ಸಿ ಪ್ಲಸ್ ಪ್ಲಸ್ ಕ್ಲಾಸ್ ಓಡಬೇಕು ಅನ್ನೋದು ನನ್ನ ಲೆಕ್ಕ. ನಿಜ ಹೇಳಬೇಕಂದ್ರೆ ನಾನೇ ಬರೀಬೇಕು ಅನ್ನೋ ಹಠವೂ ಅರ್ಧದಷ್ಟಿತ್ತು.

ಮೊದಲನೇ ವರ್ಷನ್ ಈ ಕೆಲಸದವರಿಗೆಲ್ಲ ಗೊತ್ತಿರುವುದೇ. ಕನೆಕ್ಷನ್‌ಗೊಂದು ಥ್ರೆಡ್ (ಪ್ರೋಗ್ರಾಮಿನೊಳಗೆ ಬೇರೆಯಾಗಿ ಓಡುವ ಕೆಲಸದ ಎಳೆ), ಎಲ್ಲರಿಗೂ ಹಂಚುವಾಗ ಒಂದು ಲಾಕ್ (ಒಂದು ಹೊತ್ತಿಗೆ ಒಂದೇ ಎಳೆ ಒಳಗೆ). ನಲವತ್ತು ಜನರ ತನಕ ಚೆನ್ನಾಗಿತ್ತು. ಒಂದು ದಿನ ಬೆಳಿಗ್ಗೆ ಮಂಡಿಯಿಂದ ಫೋನ್. "ಏನಪ್ಪಾ, ನಿನ್ನ ಡಬ್ಬ ನಿಂತೋಗೈತೆ!" ನೋಡಿದರೆ ಸರ್ವರ್ ಬದುಕೇ ಇದೆ, ಯಾರಿಗೂ ಏನೂ ಹೋಗುತ್ತಿಲ್ಲ. ಹತ್ತು ಹದಿನೈದು ನಿಮಿಷಕ್ಕೆ ತಾನಾಗೇ ಸರಿಹೋಯಿತು. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಕಥೆ.

ಕಾರಣ ಹುಡುಕಿದರೆ ಚೆನ್ನೈ ಕಡೆ ಹೊರಟ ಒಬ್ಬ ಲಾರಿ ಡ್ರೈವರ್ ಸಿಕ್ಕಿದ. ಮೊಗಿಲಿ ಘಾಟ್‌ನಲ್ಲಿ ಅವನ ಫೋನಿಗೆ ಸಿಗ್ನಲ್ ಹೋಗಿದೆ. ಅವನಿಗೆ ಹೋಗಬೇಕಾದ್ದು ಕಾಯುವ ಜಾಗ, ಅಂದ್ರೆ ಸೆಂಡ್ ಬಫರ್, ತುಂಬಿ ನನ್ನ ಸೆಂಡ್ ಅಲ್ಲೇ ಬ್ಲಾಕ್ ಆಗಿದೆ, ಅದೂ ಲಾಕ್ ಕೈಯಲ್ಲಿ ಹಿಡಿದುಕೊಂಡು. ಲಿನಕ್ಸ್ ರೀಟ್ರೈ ಮಾಡಿ ಮಾಡಿ ಕೈಬಿಡೋಕೆ ಸುಮಾರು 15 ನಿಮಿಷ. ಅಷ್ಟು ಹೊತ್ತು ಇಡೀ ಮಂಡಿ ಒಬ್ಬ ಡ್ರೈವರ್‌ಗೋಸ್ಕರ ಕಾದು ಕೂತಿತ್ತು. ಪಾಪ, ಅವನಿಗೆ ಗೊತ್ತೂ ಇಲ್ಲ.

ಅದೇ ವರ್ಷನ್‌ನಲ್ಲಿ ಇನ್ನೊಂದು ಮಂಗಾಟ. ಒಂದು ರಿಸೀವ್‌ಗೆ ಒಂದು ಮೆಸೇಜ್ ಬರುತ್ತೆ ಅಂತ ಬರೆದಿದ್ದೆ. ಡೇಟಾ ಸಾಗಿಸೋ ಟಿಸಿಪಿ ಹರಿಯೋ ನೀರು, ಅದಕ್ಕೆ ಮೆಸೇಜ್ ಅಂದ್ರೇನು ಅಂತಲೇ ಗೊತ್ತಿಲ್ಲ, ಇದೆಲ್ಲ ನನಗೆ ಗೊತ್ತಿತ್ತು. ಆದರೂ ಬರೆದಿದ್ದೆ. ಅಂಗಡಿಯ ವೈಫೈನಲ್ಲಿ ಯಾವತ್ತೂ ತೊಂದರೆ ಆಗಲಿಲ್ಲ. ಮುಳಬಾಗಿಲು ಕಡೆಯ ಫೋನ್‌ಗಳಲ್ಲಿ ಮಾತ್ರ "ಟೊಮೆಟೊ" ಅನ್ನೋದು "ಟೊಮೆ" ಆಗಿ, ಅದರ ಮುಂದೆ ಪ್ರಶ್ನೆ ಚಿಹ್ನೆಯ ಡೈಮಂಡ್‌ಗಳು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಟೊಮೆಟೊ ಅಂದ್ರೆ 18 ಬೈಟು. 'ಟ' ಮೂರು, ಅದರ ಪಕ್ಕದ ಒತ್ವ ಮೂರು, ಹೀಗೆ. 14ನೇ ಬೈಟಿಗೆ ಪ್ಯಾಕೆಟ್ ಮುಗಿದರೆ ಅಕ್ಷರದ ಕುತ್ತಿಗೆ ಮಧ್ಯಕ್ಕೇ ಕತ್ತರಿ. ನಮ್ಮ ಕಡೆ ಅರ್ಧ ಜನ ತೆಲುಗಿನಲ್ಲಿ ಬರೀತಾರೆ, ಅದೂ ಮೂರು ಮೂರು ಬೈಟೇ. ಬರೀ ಇಂಗ್ಲಿಷಿನಲ್ಲಿ ಟೆಸ್ಟ್ ಮಾಡಿದ್ದರೆ ಇದು ಇನ್ನೂ ತಡವಾಗಿ ಕಣ್ಣಿಗೆ ಬೀಳುತ್ತಿತ್ತೇನೋ.

ಪ್ರತಿ ಮೆಸೇಜಿನ ಮುಂದೆ ನಾಲ್ಕು ಬೈಟಿನ ಉದ್ದ ಸೇರಿಸಿದೆ. ಎಲ್ಲರೂ ಮಾಡೋದೇ. ಅದು ಹೊಸ ಪೀಡೆ ತಂದಿತು. ಒಂದು ರಾತ್ರಿ ಸರ್ವರ್ ಸತ್ತಿತ್ತು. ಲಾಗ್‌ನಲ್ಲಿ ಕೊನೇ ಸಾಲು: ಮೆಸೇಜ್ ಉದ್ದ 1195725856. ನೂರಾ ಹತ್ತೊಂಬತ್ತು ಕೋಟಿ ಬೈಟಿನ ಮೆಸೇಜ್ ಯಾರಪ್ಪಾ ಕಳಿಸೋರು? ಎರಡು ದಿನ ತಲೆ ಕೆರೆದುಕೊಂಡೆ. ಆ ಸಂಖ್ಯೆಯನ್ನು ಹೆಕ್ಸ್‌ಗೆ (ಹದಿನಾರರ ಲೆಕ್ಕಕ್ಕೆ) ತಿರುಗಿಸಿ ನೋಡಿದಾಗ ನಗು ಬಂತು. 47 45 54 20. ಅಂದ್ರೆ ಜಿ, ಇ, ಟಿ, ಒಂದು ಸ್ಪೇಸ್. ಯಾವುದೋ ಬಾಟ್ ಬಂದು ನನ್ನ ಪೋರ್ಟಿನಲ್ಲಿ ವೆಬ್‌ಸೈಟ್ ಇದೆಯಾ ಅಂತ "ಗೆಟ್" ಹೊಡೆದಿದೆ. ನನ್ನ ಕ್ಲಾಸ್ ಅದನ್ನು ಉದ್ದ ಅಂದುಕೊಂಡು ಒಂದು ಜಿಬಿಗಿಂತ ಜಾಸ್ತಿ ಮೆಮೊರಿ ಕೇಳಿದೆ. ಈಗ 64 ಕೆಬಿ ದಾಟಿದ ಉದ್ದ ಕಂಡರೆ ಮಾತಿಲ್ಲದೆ ಕನೆಕ್ಷನ್ ಕಟ್.

ಎರಡನೇ ಸೀಸನ್‌ಗೆ ಥ್ರೆಡ್ ಎಲ್ಲಾ ಕಿತ್ತು ಈಪೋಲ್‌ಗೆ ಹೋದೆ, ಅದು ಯಾವ ಸಾಕೆಟ್‌ನಲ್ಲಿ ಕೆಲಸ ಇದೆ ಅಂತ ಲಿನಕ್ಸ್ ಹೇಳುವ ದಾರಿ. ನಾನ್-ಬ್ಲಾಕಿಂಗ್ ಸಾಕೆಟ್ (ಕಾಯುತ್ತಾ ಕೂರದೆ ವಾಪಸ್ ಬರೋದು), ಒಂದೇ ಲೂಪ್. ಏನಾದರೂ ಆದರೆ ಕ್ಲಾಸ್ ತಾನೇ ಕೂಗಿ ಹೇಳುತ್ತೆ: ಸೇರಿತು, ಮೆಸೇಜ್ ಬಂತು, ಬಫರ್ ಖಾಲಿಯಾಯಿತು, ಮುಚ್ಚಿತು. ನಾಲ್ಕೇ ಈವೆಂಟ್. ಮೊದಲು ಹನ್ನೊಂದು ಇಟ್ಟಿದ್ದೆ, ಅದರಲ್ಲಿ ಏಳು ಎಂದೂ ಯಾರಿಗೂ ಬೇಕಾಗಲಿಲ್ಲ.

ಜೋರು ಮಾಡೋಣ ಅಂತ ಎಡ್ಜ್-ಟ್ರಿಗರ್ಡ್ ಹಾಕಿದೆ, ಅಂದ್ರೆ ಹೊಸದು ಬಂದಾಗ ಒಂದೇ ಸಲ ಹೇಳೋದು. ಈವೆಂಟ್ ಬಂದಾಗ ಒಂದೇ ಸಲ ಓದಿ ಬಿಡುತ್ತಿದ್ದೆ, ಈಎಗೈನ್ ("ಸದ್ಯಕ್ಕೆ ಇನ್ನೇನೂ ಇಲ್ಲ") ಬರುವ ತನಕ ಓದುತ್ತಿರಲಿಲ್ಲ. ಹಾಗಾಗಿ ಉಳಿದ ಮೆಸೇಜ್ ಲಿನಕ್ಸ್‌ನ ತಿರುಳಾದ ಕರ್ನಲ್ ಹೊಟ್ಟೆಯಲ್ಲೇ ಕೂತು, ಮುಂದಿನದು ಬಂದಾಗ ಹೊರಗೆ ಬರುತ್ತಿತ್ತು. ರೇಟು ಒಂದು ಹೆಜ್ಜೆ ಹಿಂದೆ! ಹರಾಜಿನಲ್ಲಿ ಬಾಕ್ಸ್ 480ಕ್ಕೆ ಹೋಗುತ್ತಿದ್ದರೆ ಫೋನಿನಲ್ಲಿ 430. ಒಬ್ಬ ಖರೀದಿದಾರ ಅದನ್ನು ನಂಬಿ ಫೋನಿನಲ್ಲೇ ಮಾತು ಕೊಟ್ಟ. ಜಗಳ ಆಯಿತು. ಮಾಲೀಕರು ನನ್ನ ಲೆಕ್ಕದಲ್ಲಿ 2,000 ಮುರಿದುಕೊಂಡರು. "ಅಣ್ಣಾ, ಇದು ನನ್ನ ತಪ್ಪೇ" ಅಂದೆ, ಇನ್ನೇನು ಹೇಳೋದು? ಅವತ್ತೇ ಲೆವೆಲ್-ಟ್ರಿಗರ್ಡ್‌ಗೆ ಬಂದೆ, ಅದು ಕೆಲಸ ಉಳಿದಿರೋ ತನಕ ಹೇಳುತ್ತಲೇ ಇರುತ್ತೆ. ನಮ್ಮಂಥ ಮುನ್ನೂರು ನಾನೂರು ಜನರ ಸರ್ವರ್‌ಗೆ ಅದರ ವೇಗ ಧಾರಾಳ ಸಾಕು. ಇದರ ಬಗ್ಗೆ ಯಾರ ಜೊತೆ ಬೇಕಾದರೂ ವಾದ ಮಾಡಲು ನಾನು ರೆಡಿ.

ಲೆವೆಲ್-ಟ್ರಿಗರ್ಡ್‌ನಲ್ಲೂ ಒಂದು ಗುಂಡಿ ಇದೆ, ಬಿದ್ದೆ. ಬರೆಯುವ ಈವೆಂಟನ್ನು ಯಾವಾಗಲೂ ಆನ್ ಇಟ್ಟರೆ ಸಾಕೆಟ್ "ಬರಿ, ಬರಿ" ಅಂತ ಕೂಗುತ್ತಲೇ ಇರುತ್ತದೆ. ಸಿಪಿಯು 100ಕ್ಕೆ ಹೋಗಿ, ಮಷೀನ್ ಬಾಡಿಗೆಗೆ ಕೊಟ್ಟವರಿಂದ ವಾರ್ನಿಂಗ್ ಮೇಲ್ ಬಂತು. ಕಳಿಸದೆ ಉಳಿದ ಡೇಟಾ ಇದ್ದಾಗ ಮಾತ್ರ ಆನ್, ಖಾಲಿಯಾದ ಕೂಡಲೇ ಆಫ್. ಇಷ್ಟೇ.

ಈಗ ನಿಜವಾದ ನೋವಿನ ಕಥೆ: ಮುಚ್ಚೋದು. ಸರ್ವರ್ ಎರಡು ದಿನಕ್ಕೊಮ್ಮೆ, ಸರಿಯಾಗಿ ಹರಾಜು ಏರಿದ ಹೊತ್ತಿಗೇ ಬೀಳುತ್ತಿತ್ತು. ಕೆಲವು ಸಲ ಲಾಗ್‌ನಲ್ಲಿ ಒಂದಕ್ಷರ ಇಲ್ಲ. ಅದು ಸಿಗ್‌ಪೈಪ್, ಲಿನಕ್ಸ್ ಪ್ರೋಗ್ರಾಮಿಗೆ ಕಳಿಸುವ ಒಂದು ಸಿಗ್ನಲ್ (ಫೋನಿನದಲ್ಲ). ಸತ್ತ ಸಾಕೆಟ್‌ಗೆ ಬರೆದರೆ ಲಿನಕ್ಸ್ ಇಡೀ ಪ್ರೋಗ್ರಾಮನ್ನೇ ಮುಗಿಸಿಬಿಡುತ್ತೆ. ಸೆಂಡ್‌ಗೆ ನೋ-ಸಿಗ್ನಲ್ ಫ್ಲ್ಯಾಗ್ ಕೊಟ್ಟು ಅದನ್ನು ಸುಮ್ಮನಾಗಿಸಿದೆ. ಆದರೂ ಬೀಳೋದು ನಿಲ್ಲಲಿಲ್ಲ.

ಆಗುತ್ತಿದ್ದದ್ದು ಇದು. ಚಾಟ್ ರೂಮಿನಲ್ಲಿರುವ ಎಲ್ಲರಿಗೂ ಲೂಪಿನಲ್ಲಿ ಸೆಂಡ್ ಮಾಡುತ್ತೇನೆ. ಮಧ್ಯದಲ್ಲಿ ಒಬ್ಬನ ಸೆಂಡ್ ಫೇಲ್. ಕ್ಲಾಸ್ ತಕ್ಷಣ "ಮುಚ್ಚಿತು" ಅಂತ ಕೂಗುತ್ತೆ. ಆ ಕೂಗು ಕೇಳಿದ ರೂಮು ಅವನನ್ನು ಪಟ್ಟಿಯಿಂದ ತೆಗೆದು, ಆಬ್ಜೆಕ್ಟ್ ಡಿಲೀಟ್ ಮಾಡುತ್ತೆ. ವಾಪಸ್ ಬಂದರೆ ನಾನು ಸುತ್ತುತ್ತಿದ್ದ ಪಟ್ಟಿಯೇ ಬದಲಾಗಿದೆ, ನಾನು ನಿಂತಿದ್ದ ಆಬ್ಜೆಕ್ಟೇ ಇಲ್ಲ. ಕೂತ ಕೊಂಬೆಯನ್ನೇ ಕಡಿದುಕೊಂಡ ಹಾಗೆ. ಇದನ್ನು ಹಿಡಿಯಲು ಮೂರು ವಾರ ಬೇಕಾಯಿತು. ಆ ಮೂರು ವಾರ ಅಂಗಡಿಯಲ್ಲಿ ಬೇರೆ ಕೆಲಸ ಮುಟ್ಟಲಿಲ್ಲ, ಹತ್ತು ಹನ್ನೆರಡು ಸಾವಿರದ ರಿಪೇರಿ ಕೆಲಸ ಪಕ್ಕದ ಅಂಗಡಿಗೆ ಹೋಯಿತು.

ಅದರ ತಮ್ಮ ಇನ್ನೊಂದು. ಈಪೋಲ್ ಒಂದೇ ಸಲಕ್ಕೆ ಅರವತ್ತು ಈವೆಂಟ್ ಕೊಡುತ್ತೆ ಅನ್ನಿ. ಮೊದಲನೆಯದನ್ನು ನೋಡುವಾಗ 17ನೇ ನಂಬರಿನ ಸಾಕೆಟ್ ಮುಚ್ಚಿದೆ. ಅಷ್ಟರಲ್ಲಿ ಹೊಸಬ ಬಂದ, ಖಾಲಿ ಇರುವ ಚಿಕ್ಕ ನಂಬರ್ ಅಂತ ಅವನಿಗೆ ಅದೇ 17 ಸಿಕ್ಕಿತು. ಪಟ್ಟಿಯ ಕೊನೆಯಲ್ಲಿ ಹಳೇ 17ರ ಈವೆಂಟ್ ಇನ್ನೂ ಕಾದಿದೆ. ಒಳಗೆ ಕಾಲಿಟ್ಟವನನ್ನೇ ನನ್ನ ಸರ್ವರ್ ಹೊರಗೆ ನೂಕುತ್ತಿತ್ತು. ವಡ್ಡಹಳ್ಳಿಯ ಒಬ್ಬ ರೈತರು "ನನ್ನ ಮೇಲೇ ಏನಪ್ಪಾ ನಿನಗೆ ಕೋಪ?" ಅಂತ ಕೇಳಿದ್ದರು.

ಮೂರನೇ ವರ್ಷನ್‌ನಲ್ಲಿ ನಿಯಮ ಬದಲಾಯಿಸಿದೆ. ಸೆಂಡ್ ಯಾವತ್ತೂ ಒಳಗಿಂದಲೇ ಕೂಗಬಾರದು. ಕ್ಲೋಸ್ ಅಂದರೆ ಬರೀ ಗುರುತು ಹಾಕೋದು. ಗುರುತು ಬಿದ್ದವರು ಒಂದು ಪಟ್ಟಿಗೆ ಹೋಗುತ್ತಾರೆ. ಅದಕ್ಕೆ ಕೋಡಿನಲ್ಲಿ "ಮಸಣ" ಅಂತಲೇ ಹೆಸರಿಟ್ಟಿದ್ದೇನೆ. ಆ ಸುತ್ತಿನ ಈವೆಂಟೆಲ್ಲ ಮುಗಿದ ಮೇಲೆ "ಮುಚ್ಚಿತು" ಅಂತ ಒಂದೇ ಸಲ ಕೂಗಿ, ನಂಬರ್ ಬಿಟ್ಟು, ಆಬ್ಜೆಕ್ಟ್ ಅಳಿಸೋದು. ಅಷ್ಟು ಹೊತ್ತು ನಂಬರ್ ಬೇರೆಯವರಿಗೆ ಸಿಗಲ್ಲ. ಬದಲಾದದ್ದು ಐವತ್ತು ಸಾಲು ಇರಬಹುದು. ಕ್ಲಾಸ್ ಒಟ್ಟು ಏಳುನೂರು ಸಾಲಿನ ಒಳಗೆ. ಅವತ್ತಿನಿಂದ ಬಿದ್ದಿಲ್ಲ ನೋಡಿ.

ಬೀಳಲಿಲ್ಲ, ಆದರೆ ಉಬ್ಬಿತು. ಆಗ ಬಾಕ್ಸಿನ ಫೋಟೋ ಕಳಿಸೋಕೂ ಬಿಟ್ಟಿದ್ದೆ, ಸಣ್ಣ ಸಣ್ಣ ತುಂಡು ಮಾಡಿ. ಸಿಗ್ನಲ್ ಇಲ್ಲದ ಫೋನ್‌ಗಳ ಹೆಸರಲ್ಲಿ ಫೋಟೋಗಳು ರಾಶಿ ಬಿದ್ದು, ಕೊನೆಗೆ ಮೆಮೊರಿ ಸಾಲದೆ ಲಿನಕ್ಸ್ ನನ್ನ ಸರ್ವರ್ ಬಿಟ್ಟು ಪಕ್ಕದ ಬಿಲ್ಲಿಂಗ್ ಡೇಟಾಬೇಸನ್ನು ಕೊಂದಿತು. ಎರಡನ್ನೂ ಒಂದೇ ಮಷೀನಿನಲ್ಲಿ ಇಟ್ಟ ಬುದ್ಧಿವಂತ ನಾನೇ. ಈಗ ಒಬ್ಬೊಬ್ಬರಿಗೆ 256 ಕೆಬಿ ಮಿತಿ. ಬಾಕಿ ಅದನ್ನು ದಾಟಿದರೆ ಕನೆಕ್ಷನ್ ಕಟ್, ಸಿಗ್ನಲ್ ಬಂದಾಗ ಬರಲಿ. ಜೊತೆಗೆ ಒಂದೇ ಮೆಸೇಜನ್ನು 350 ಕಾಪಿ ಮಾಡುವ ಬದಲು ಒಂದು ಕಾಪಿಯನ್ನೇ ಎಲ್ಲರೂ ಹಂಚಿಕೊಳ್ಳುವ ಹಾಗೆ ಮಾಡಿದೆ. ಮುನ್ನೂರು ಎಂಬಿ ತಿನ್ನುತ್ತಿದ್ದದ್ದು ನಲವತ್ತರ ಆಸುಪಾಸಿಗೆ ಬಂತು.

ಕನೆಕ್ಷನ್ ಬದುಕಿದೆಯಾ ಅಂತ ನೋಡುವ ಕರ್ನಲ್‌ನ ಕೀಪ್‌ಅಲೈವ್ ನಂಬಬೇಡಿ. ಡೀಫಾಲ್ಟ್ ಎರಡು ಗಂಟೆ, ಅಷ್ಟರಲ್ಲಿ ಹರಾಜೇ ಮುಗಿದಿರುತ್ತೆ. ಮೊಬೈಲ್ ನೆಟ್‌ವರ್ಕ್ ಸುಮ್ಮನಿರುವ ಕನೆಕ್ಷನ್‌ಗಳನ್ನು ಹೇಳದೆ ಕೇಳದೆ ಮರೆತುಬಿಡುತ್ತೆ. "ಇದ್ದೀಯಾ?" ಅಂತ ಕೇಳುವ ಪಿಂಗ್ ನಾನೇ ಹಾಕಿದೆ. ಹತ್ತು ಸೆಕೆಂಡಿಗೊಮ್ಮೆ ಇಟ್ಟಾಗ ಮಧ್ಯಾಹ್ನಕ್ಕೇ ಬ್ಯಾಟರಿ ಖಾಲಿ ಅಂತ ರೈತರು ಬೈದರು. ಕೊನೆಗೆ ಯಾವ ನಂಬರಿಗೆ ಬಂದು ನಿಂತೆ, ಅದನ್ನು ಹೊತ್ತಿಗೆ ತಕ್ಕ ಹಾಗೆ ಹೇಗೆ ಬದಲಾಯಿಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಕನೆಕ್ಷನ್ ಹೋಗಿ ಬಂದವರಿಗೆ ತಪ್ಪಿದ ರೇಟು ಕೊಡುವ ಉಪಾಯವೂ ಅಷ್ಟೇ. ಹೊಟ್ಟೆಪಾಡು ಕಣ್ರೀ.

ಮಧ್ಯೆ ಒಂದು ಹುಚ್ಚು ಪ್ರಯೋಗ ಮಾಡಿದೆ. ವಿಪಿಎಸ್ ಬಾಡಿಗೆ ಉಳಿಸೋಣ ಅಂತ ಅಂಗಡಿಯಲ್ಲೇ ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್ ಮೇಲೆ ಸರ್ವರ್ ಓಡಿಸಿದೆ. ಪೈ, ಮೆಮೊರಿ ಕಾರ್ಡು, ಚಿಕ್ಕ ಯುಪಿಎಸ್ ಸೇರಿ ಆರೇಳು ಸಾವಿರ. ಮುನ್ನೂರು ಸುಳ್ಳು ಕ್ಲೈಂಟ್‌ಗಳನ್ನು ಬಿಟ್ಟರೂ ಪೈ ಬಿಸಿ ಕೂಡ ಆಗಲಿಲ್ಲ, ಕ್ಲಾಸ್ ಬಗ್ಗೆ ಹೆಮ್ಮೆ ಆಯಿತು. ಆದರೆ ಕೇಬಲ್ ಇಂಟರ್‌ನೆಟ್‌ಗೆ ಪಬ್ಲಿಕ್ ಐಪಿ (ಹೊರಗಿನವರು ನೇರವಾಗಿ ಬರುವ ವಿಳಾಸ) ಇಲ್ಲ. ವಿಪಿಎಸ್‌ನಿಂದಲೇ ಸುರಂಗ ಹಾಕಬೇಕಾಯಿತು, ಅಂದ ಮೇಲೆ ಬಾಡಿಗೆ ಎಲ್ಲಿ ಉಳಿಯಿತು? ತಿಂಗಳೊಳಗೆ ಲಾಗ್ ಬರೆದು ಬರೆದು ಕಾರ್ಡೂ ಸತ್ತಿತು.

ಎಲ್ಲಕ್ಕಿಂತ ಲಾಭ ತಂದದ್ದು ಒಂದು ಸಂಜೆಯ ಕೆಲಸ. ಒಂದೊಂದೇ ಬೈಟ್ ಕಳಿಸುವ, ಮಧ್ಯದಲ್ಲಿ ಕೈಕೊಟ್ಟು ಹೋಗುವ ಒಂದು ತರ್ಲೆ ಕ್ಲೈಂಟ್ ಬರೆದೆ. ಜೊತೆಗೆ ನೆಟ್‌ವರ್ಕನ್ನು ಬೇಕಂತಲೇ ಕೆಡಿಸುವ ಲಿನಕ್ಸ್‌ನ ನೆಟ್‌ಎಮ್‌ನಲ್ಲಿ 300 ಮಿಲಿಸೆಕೆಂಡ್ ತಡ, ನೂರಕ್ಕೆ ಐದು ಪ್ಯಾಕೆಟ್ ಕಳವು. ಮೊಗಿಲಿ ಘಾಟ್ ನನ್ನ ಮೇಜಿನ ಮೇಲೇ ಬಂತು. ಇದನ್ನು ಮೊದಲನೇ ವಾರವೇ ಮಾಡಿದ್ದರೆ ಮಾಲೀಕರು ಮುರಿದ 2,000 ನನ್ನ ಜೇಬಿನಲ್ಲೇ ಇರುತ್ತಿತ್ತು. ಉದ್ದವನ್ನೂ ಮೆಸೇಜನ್ನೂ ಬೇರೆ ಬೇರೆ ಕಳಿಸಿದರೆ ನೇಗಲ್ (ಸಣ್ಣ ತುಂಡುಗಳನ್ನು ತಡೆದು ಒಟ್ಟಿಗೆ ಕಳಿಸುವ ಟಿಸಿಪಿ ನಿಯಮ) ಮತ್ತು ಆ ಕಡೆಯಿಂದ ತಡವಾಗಿ ಬರುವ "ತಲುಪಿತು" ಉತ್ತರ, ಎರಡರ ದೆಸೆಯಿಂದ 40 ಮಿಲಿಸೆಕೆಂಡ್ ಕಾಯಬೇಕಾಗುತ್ತೆ ಅನ್ನೋದೂ ಅವತ್ತೇ ಕಂಡದ್ದು. ಎರಡನ್ನೂ ಸೇರಿಸಿ ಒಂದೇ ಸಲ ಕಳಿಸಿದೆ, ಮುಗಿಯಿತು.

ಕ್ಲಾಸ್‌ಮೇಟ್ ಹೋದ ತಿಂಗಳು ಬಂದಿದ್ದ. ಸೋತಿದ್ದಕ್ಕೆ ಬಂಗಾರಪೇಟೆ ಪಾನಿಪುರಿ ಕೊಡಿಸಿ, ಕೋಡ್ ಕೇಳಿದ. ಕೊಟ್ಟೆ, ಎರಡು ಫೈಲ್ ಬಿಟ್ಟು. ಮಾಲೀಕರಿಂದ ಇನ್ನೂ 3,000 ಬರಬೇಕು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ದಾಟಿತ್ತಲ್ಲ, ಅದನ್ನು ನೆನಪಿಸಿ "ಅಣ್ಣಾ, ಆ ರೇಟ್ ಬಂದಾಗ ಎರಡು ಬಾಕ್ಸ್ ಕೊಡಿ, ಲೆಕ್ಕ ಚುಕ್ತಾ" ಅಂದೆ. "ಆ ರೇಟ್ ಬಂದ್ರೆ ದುಡ್ಡೇ ಕೊಡ್ತೀನಿ ಬಿಡಪ್ಪಾ, ಹಣ್ಣು ಕೊಡಲ್ಲ" ಅಂದರು.