ಡಿಮೆನ್ಷಿಯಾ ಇರುವ ಮನೆಯಲ್ಲಿ ನಾನು ಮೊದಲು ಮಾತಾಡಿಸುವುದು ಯಾರನ್ನು?

ಬೆಂಗಳೂರಿನಲ್ಲಿ ಮನೆ ಭೇಟಿಗೆ ಹೋಗುವ ನರ್ಸ್ ನಾನು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವ ಮನೆಗೆ ಹೋದಾಗ ರೋಗಿಯನ್ನು ನೋಡಿಕೊಳ್ಳುವವರನ್ನು ಹತ್ತು ನಿಮಿಷವಾದರೂ ಬೇರೆಯಾಗಿ ಮಾತಾಡಿಸುತ್ತೇನೆ, ಹೆಚ್ಚಾಗಿ ಅಡುಗೆಮನೆಯಲ್ಲೇ. ಅತ್ತೆಯ ಎದುರು ಯಾವ ಸೊಸೆಯೂ "ಸಾಕಾಗಿದೆ" ಅನ್ನುವುದಿಲ್ಲ. "ಹೇಗಿದ್ದೀರಿ" ಎಂದರೆ "ಚೆನ್ನಾಗಿದ್ದೀನಿ ಸಿಸ್ಟರ್" ಅಂದುಬಿಡುತ್ತಾರೆ. ಹಾಗಾಗಿ ಬಿಡಿಸಿ ಕೇಳುತ್ತೇನೆ: ನಿನ್ನೆ ರಾತ್ರಿ ಎಷ್ಟು ಸಲ ಎದ್ದಿರಿ? ನಿಮ್ಮ ಬಿಪಿ ಮಾತ್ರೆ ಇವತ್ತು ತಗೊಂಡ್ರಾ? ಒಬ್ಬರೇ ಹೊರಗೆ ಹೋಗಿ ಎಷ್ಟು ದಿನ ಆಯ್ತು? ನೋಡಿಕೊಳ್ಳುವವರ ಮೇಲಿನ ಹೊರೆಯನ್ನು ಅಳೆಯಲು ಜಾರಿಟ್ ಪ್ರಶ್ನಾವಳಿ ಇದೆ. 22 ಪ್ರಶ್ನೆ, 0ರಿಂದ 88 ಅಂಕ. ಮೊದಲ ದಿನವೇ ಅದನ್ನು ಕೈಗೆ ಕೊಟ್ಟರೆ ಪರೀಕ್ಷೆ ಅನ್ನಿಸುತ್ತದೆ, ಕೊಡಬೇಡಿ.

ಆಮೇಲೆ ಮನೆಯವರಿಗೆ ಒಂದು ನೋಟ್‌ಬುಕ್ ಇಡಲು ಹೇಳುತ್ತೇನೆ. ರೋಗಿಯ ಹಟ, ಕೂಗಾಟ ಯಾವ ಹೊತ್ತಿಗೆ ಆಯಿತು, ಅದಕ್ಕೆ ಮುಂಚೆ ಏನು ನಡೆದಿತ್ತು, ನೀವು ಏನು ಮಾಡಿದಿರಿ, ಆಮೇಲೆ ಏನಾಯಿತು. ಒಂದು ವಾರ ಬರೆದರೆ ಕಾರಣ ಎಷ್ಟೋ ಸಲ ಕಣ್ಣಿಗೆ ಬೀಳುತ್ತದೆ. ಸ್ನಾನದ ಜಗಳವನ್ನೇ ನೋಡಿ. ಬಚ್ಚಲು ತಣ್ಣಗಿರುತ್ತದೆ, ಹೇಳದೆ ಕೇಳದೆ ತಲೆ ಮೇಲೆ ನೀರು ಬೀಳುತ್ತದೆ. ಅವರು ಹೆದರಿ ಕೈ ಎತ್ತುತ್ತಾರೆ. ಬಕೆಟ್‌ನಲ್ಲಿ ನೀರು ಮೊದಲೇ ಹದ ಮಾಡಿಡಿ. ಜಾರದ ಕುರ್ಚಿ ಮೇಲೆ ಕೂರಿಸಿ, ಹೆಗಲಿಗೆ ಟವೆಲ್ ಹೊದಿಸಿ, ಪಾದದಿಂದ ಶುರುಮಾಡಿ. ಮಗ್ ಅವರ ಕೈಯಲ್ಲೇ ಇರಲಿ. ತಲೆಸ್ನಾನ ಬೇರೆ ದಿನಕ್ಕೆ. ನಿಮ್ಹಾನ್ಸ್‌ಗೋ ನಿಮ್ಮ ಡಾಕ್ಟರ್ ಹತ್ತಿರವೋ ಹೋಗುವಾಗ ಈ ನೋಟ್‌ಬುಕ್ ಜೊತೆಗಿರಲಿ.

ಒಂದೆರಡು ದಿನದಲ್ಲೇ ಗೊಂದಲ ಏಕಾಏಕಿ ಏರಿದರೆ "ಕಾಯಿಲೆ ಜಾಸ್ತಿಯಾಯ್ತು" ಎಂದು ಸುಮ್ಮನಾಗಬಾರದು. ಅದು ಡಿಲಿರಿಯಂ, ಅಂದರೆ ಬೇರೆ ಕಾರಣದಿಂದ ಏಕಾಏಕಿ ಬರುವ ಗೊಂದಲ, ಇರಬಹುದು. ಕಾರಣಗಳು: ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರುವುದು, ಹೊಸ ಮಾತ್ರೆ. ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮೈನ್ ಕೂಡ ಗೊಂದಲ ಹೆಚ್ಚಿಸಬಲ್ಲದು. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಕಾಣದೇ ಇರಬಹುದು. ನಿದ್ದೆ ಮಾತ್ರೆ ಹುಡುಕದೆ ಅವತ್ತೇ ಡಾಕ್ಟರಿಗೆ ತೋರಿಸಲು ಹೇಳುತ್ತೇನೆ.

"ಕೈ ಎತ್ತಿಬಿಟ್ಟೆ ಸಿಸ್ಟರ್" ಎಂದು ಯಾರಾದರೂ ಅತ್ತರೆ ಬೈಯಬೇಡಿ. ಬೈದರೆ ಮತ್ತೆ ಬಾಯಿ ಬಿಡುವುದಿಲ್ಲ. ಇಬ್ಬರಿಗೂ ಪೆಟ್ಟಾಗಿದೆಯಾ ನೋಡಿ. ಸಿಟ್ಟು ಬಂದಾಗ ರೋಗಿಯನ್ನು ಸುರಕ್ಷಿತವಾಗಿ ಕೂರಿಸಿ ಐದು ನಿಮಿಷ ಪಕ್ಕದ ಕೋಣೆಗೆ ಹೋಗುವುದನ್ನು ಹೇಳಿಕೊಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567, ಎರಡನ್ನೂ ಫ್ರಿಜ್ ಮೇಲೆ ಅಂಟಿಸಿ. ಇಂಥ ಮನೆಗೆ ಬಿಡುವು ತುರ್ತಾಗಿ ಬೇಕು. ಫೋನಿನಲ್ಲಿ ಸಲಹೆ ಕೊಡುವ ಅಣ್ಣತಮ್ಮಂದಿರಿಗೆ "ಸ್ವಲ್ಪ ಸಹಾಯ ಮಾಡಿ" ಎಂದರೆ ಕೆಲಸವಾಗದು. ಭಾನುವಾರ ಬೆಳಗ್ಗೆ 9ರಿಂದ 1ರವರೆಗೆ ಯಾರು ಬರುತ್ತೀರಿ ಎಂದು ನಾನೇ ಕೇಳಿ, ಹೆಸರನ್ನು ಕ್ಯಾಲೆಂಡರ್‌ನಲ್ಲಿ ಬರೆಸುತ್ತೇನೆ.