ಮಲ್ಲಿಗೆ ಮಂಕಾಗದಂತೆ, ಮರಳು ಬೂದಿಯಾಗದಂತೆ

ಫೋಟೊ ತೋರಿಸಲು ಬರುವವರದ್ದು ಒಂದೇ ದೂರು: ‘ಕಣ್ಣಿಗೆ ಕಂಡಿದ್ದು ಬಂದೇ ಇಲ್ಲ.’ ಅಚ್ಚಬಿಳಿ ಮಲ್ಲಿಗೆ ಒಗೆಯದ ಅಂಗಿಯ ಹಾಗೆ ಬಂದಿರುತ್ತದೆ. ಕೆಂಪು ದಾಸವಾಳದಲ್ಲಿ ಎಸಳಿನ ಒಂದು ನರವೂ ಕಾಣದು, ಬಣ್ಣ ಚೆಲ್ಲಿದ ಕಲೆ ಅಷ್ಟೇ. ಕೂಡಲೇ ಹೊಸ ಕ್ಯಾಮೆರಾ ಕೊಳ್ಳುವ ಮಾತು. ಬೇಡ, ಇರುವುದೇ ಸಾಕು.

ಬೆಳಿಗ್ಗೆ ಬೇಗ ಏಳಿ. ಆಗ ಗಾಳಿ ಕಡಿಮೆ.

ಫೋಕಸ್ ಕೇಸರದ ಮೇಲಿರಲಿ. ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸಿನಲ್ಲಿ ಹೂವು ನಿಜಗಾತ್ರಕ್ಕೆ ಹತ್ತಿರವಾಗಿ ಮೂಡಿದರೆ, ಲೆನ್ಸಿನ ಕಿಂಡಿಯನ್ನು ಎಫ್/8ಕ್ಕೆ ಕಿರಿದಾಗಿಸಿದರೂ ಸ್ಪಷ್ಟವಾಗಿ ಬರುವ ಆಳ ಸುಮಾರು 1 ಮಿ.ಮೀ. ಮಾತ್ರ. ಆದ್ದರಿಂದ ಫೋಕಸ್ ರಿಂಗ್ ತಿರುಗಿಸುತ್ತ ಕೂರದೆ ಮೈಯನ್ನೇ ಚೂರು ಹಿಂದೆ ಮುಂದೆ ವಾಲಿಸಿ, ಕೇಸರ ಸ್ಪಷ್ಟವಾದ ಗಳಿಗೆಗೆ ಕ್ಲಿಕ್ಕಿಸಿ. ಲೆನ್ಸಿನ ಮುಂದೆ ತಿರುಪಿ ಹಾಕುವ ಅಗ್ಗದ ಕ್ಲೋಸ್‌ಅಪ್ ಗಾಜುಗಳನ್ನು ಕೊಳ್ಳಲೇಬೇಡಿ, ಅಂಚೆಲ್ಲ ಮಬ್ಬು.

ಎಡವಟ್ಟಾಗುವುದು ಬೆಳಕಿನ ಲೆಕ್ಕದಲ್ಲಿ. ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಮಲ್ಲಿಗೆಯೂ ಗೊತ್ತಿಲ್ಲ, ಇದ್ದಿಲೂ ಗೊತ್ತಿಲ್ಲ. ಎದುರಿಗೆ ಏನಿದ್ದರೂ ಅದನ್ನು ನಡುಮಟ್ಟದ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಬಿಳಿ ಇದ್ದರೆ ‘ಬೆಳಕು ಜಾಸ್ತಿಯಾಯಿತು’ ಎಂದುಕೊಂಡು ತಗ್ಗಿಸಿಬಿಡುತ್ತದೆ. ಪ್ಲಸ್–ಮೈನಸ್ ಗುರುತಿನ ಗುಂಡಿ ಇರುವುದು ಇದಕ್ಕೇ: ಪ್ಲಸ್ ಅಂದರೆ ಬೆಳಕು ಹೆಚ್ಚು, ಮೈನಸ್ ಅಂದರೆ ಕಡಿಮೆ. ಬಿಳಿ ಹೂವಿಗೆ +1 ಕೊಡಿ, ತೆಗೆದ ಚಿತ್ರ ನೋಡಿ, ಎಸಳಿನ ಮಡಿಕೆ ಅಳಿಸಿಹೋಗಿದ್ದರೆ ಸ್ವಲ್ಪ ಇಳಿಸಿ. ಫೋನಿನಲ್ಲಾದರೆ ಹೂವಿನ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಮೇಲಕ್ಕೆ ಸರಿಸಿ.

ಕೆಂಪು ಹೂವು ಮಾತ್ರ ಮೋಸಗಾತಿ. ಒಟ್ಟು ಹಿಸ್ಟೊಗ್ರಾಂ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟಿದೆ ಎಂದು ಕ್ಯಾಮೆರಾ ತೋರಿಸುವ ಗ್ರಾಫ್) ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಕೆಂಪು, ಹಸಿರು, ನೀಲಿಯ ಬೇರೆಬೇರೆ ಮೂರು ಹಿಸ್ಟೊಗ್ರಾಂ ತೆರೆದು ನೋಡಿ, ಕೆಂಪೊಂದೇ ಬಲಗೋಡೆಗೆ ಅಪ್ಪಳಿಸಿರುತ್ತದೆ. ಅಲ್ಲಿ ನರಗಳು ಸತ್ತವು ಎಂದೇ ಲೆಕ್ಕ, ಆಮೇಲೆ ಯಾವ ಆ್ಯಪ್ ಕೂಡ ಬದುಕಿಸದು. −0.7ರಿಂದ ಶುರುಮಾಡಿ, ಕೆಂಪಿನ ಗ್ರಾಫ್ ಆ ಗೋಡೆ ಬಿಡುವವರೆಗೆ ಇಳಿಸಿ.

ಇಷ್ಟು ಕೈಗೆ ಹತ್ತಿದರೆ ಮರುಭೂಮಿ ಹೊಸದೇನಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನ ಬಿಳಿ ಜಿಪ್ಸಂ ಮರಳು ದೊಡ್ಡದೊಂದು ಮಲ್ಲಿಗೆ: ಪ್ಲಸ್ ಕೊಡಿ. ಆಫ್ರಿಕಾದ ನಮೀಬ್ ಮರುಭೂಮಿಯ ದಿಬ್ಬಗಳು ಕಬ್ಬಿಣದ ಆಕ್ಸೈಡಿನಿಂದ ಕೆಂಪಾದವು. ಇಳಿಬಿಸಿಲಿನಲ್ಲಿ ಅವನ್ನು ದಾಸವಾಳದಂತೆಯೇ ನೋಡಿಕೊಳ್ಳಿ. ಮರಳಿನ ಅಲೆಗಳು ಎದ್ದು ಕಾಣಲು ಸೂರ್ಯ ಕೆಳಗಿರಬೇಕು, ಅದೂ ಪಕ್ಕದಲ್ಲಿ. ನಡುಮಧ್ಯಾಹ್ನ ಕ್ಯಾಮೆರಾ ಚೀಲದಲ್ಲೇ ಇರಲಿ. ಎಲ್ಲಿಂದ ತೆಗೆಯಬೇಕೆಂದು ಗೊತ್ತುಮಾಡಿಕೊಂಡೇ ಹೆಜ್ಜೆ ಇಡಿ, ಇಲ್ಲವಾದರೆ ನಿಮ್ಮದೇ ಚಪ್ಪಲಿ ಗುರುತು ಚಿತ್ರದ ನಡುವೆ ಬರುತ್ತದೆ. ಅಗಲ ನೋಟದ ವೈಡ್ ಲೆನ್ಸಿಗೆ, ಆಕಾಶದ ನೀಲಿಯನ್ನು ಗಾಢವಾಗಿಸುವ ಪೋಲರೈಸರ್ ಫಿಲ್ಟರ್ ಹಾಕುವವರಿದ್ದಾರೆ. ಆಕಾಶ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ಪೇಲವ. ನಾನಂತೂ ಹಾಕುವುದಿಲ್ಲ.

ಬಯಲಲ್ಲಿ ಲೆನ್ಸ್ ಬದಲಿಸಬೇಡಿ. ವಾಪಸಾದ ಮೇಲೆ ಮೊದಲು ರಬ್ಬರ್ ಬ್ಲೋವರಿನಿಂದ ಗಾಳಿ ಊದಿ, ಬಟ್ಟೆ ಆಮೇಲೆ. ಅವಸರಕ್ಕೆ ಬಟ್ಟೆಯಲ್ಲೇ ಒರೆಸಿದ ನನ್ನ ಲೆನ್ಸಿನ ಗಾಜಿನ ಮೇಲೆ ಉಗುರಿನಷ್ಟು ಉದ್ದದ ಗೀರಿದೆ, ಜೂಮ್ ರಿಂಗ್ ಇವತ್ತಿಗೂ ಕರಕರ ಅನ್ನುತ್ತದೆ.