ಸ್ಪೆಕ್ಟ್ರೋ ಇಲ್ದೆ ಹೆಕ್ಸೋಕೈನೇಸ್ ಅಸ್ಸೇ: ನನ್ನ ಅನುಭವ

ಬರೀ ಕಲರಿಮೀಟರ್ (ಬಣ್ಣದ ಗಾಢತೆ ಅಳೆಯೋ ಸರಳ ಯಂತ್ರ) ಇಟ್ಕೊಂಡು ಹೆಕ್ಸೋಕೈನೇಸ್ ಅಸ್ಸೇ, ಅಂದ್ರೆ ಗ್ಲೂಕೋಸ್‌ಗೆ ಫಾಸ್ಫೇಟ್ ಅಂಟಿಸೋ ಎನ್‌ಜೈಮಿನ ಚಟುವಟಿಕೆ ಅಳೆಯೋ ಪ್ರಯೋಗ, ಮಾಡ್ಸ್ತೀನಿ ಅಂದಾಗ ನಮ್ಮ ಡಿಪಾರ್ಟ್‌ಮೆಂಟಲ್ಲಿ ಒಬ್ರೂ ನಂಬ್ಲಿಲ್ಲ. '340 ನ್ಯಾನೋಮೀಟರ್ ಬೆಳಕಲ್ಲಿ ಓದೋಕೆ ಸ್ಪೆಕ್ಟ್ರೋಫೋಟೋಮೀಟರ್ ಎಲ್ಲಿದೆ, ಥಿಯರಿ ಹೇಳಿ ಮುಗಿಸಿ ಮೇಡಂ' ಅಂದ್ರು. ಈಗ ಮಲ್ಲೇಶ್ವರದ ಬೇಕರಿಯಿಂದ ತಂದ ಈಸ್ಟಲ್ಲೇ ಮೂರು ಬ್ಯಾಚ್ ಮಕ್ಕಳು ಮಾಡಿದಾರೆ.

ಜೀವಕೋಶದ ಶಕ್ತಿ ಹೊರೋ ಎಟಿಪಿಯ ಫಾಸ್ಫೇಟ್ ಗ್ಲೂಕೋಸ್‌ಗೆ ಹೋಗುವಾಗ ಒಂದು ಪ್ರೋಟಾನ್ ಬಿಡುಗಡೆ ಆಗಿ ಪಿಎಚ್ ಇಳಿಯುತ್ತಲ್ಲ, ನಾನು ಹಿಡಿದಿದ್ದು ಅದನ್ನ. ಪಿಎಚ್‌ಗೆ ತಕ್ಕಂತೆ ಬಣ್ಣ ಬದಲಿಸೋ ಕ್ರೆಸಾಲ್ ರೆಡ್ ಹಾಕಿ ಪಿಎಚ್ 8.5ರ ಹತ್ರ ಶುರು ಮಾಡಿದ್ರೆ ನೇರಳೆ ಬಣ್ಣ ಇಳೀತಾ ಇಳೀತಾ ಹಳದಿ ಆಗುತ್ತೆ, ಕಲರಿಮೀಟರಿನ 570 ನ್ಯಾನೋಮೀಟರ್ ಫಿಲ್ಟರ್ ಸಾಕು.

ಮೊದಲ ಎರಡು ತಿಂಗಳು ಪೂರ್ತಿ ದಂಡ. ಪಿಎಚ್ ಬದಲಾಗದಂತೆ ಹಿಡಿಯೋ ಬಫರ್ ಟ್ರಿಸ್ 50 ಮಿಲಿಮೋಲಾರ್ ಹಾಕಿದ್ದೆ, ಬಣ್ಣ ಅಲ್ಲಾಡ್ಲೇ ಇಲ್ಲ, 5ಕ್ಕೆ ಇಳಿಸಿದ್ರೆ ಎನ್‌ಜೈಮ್ ಹಾಕೋ ಮುಂಚೇನೇ ಹಳದಿ, ಯಾಕಂದ್ರೆ ಡಿಸ್ಟಿಲ್ಡ್ ವಾಟರ್ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರ್ಕೊಂಡು ಕೂತಿತ್ತು, ಆಮೇಲೆ ಅವತ್ತವತ್ತೇ ಕುದಿಸಿ ಮುಚ್ಚಿ ಆರಿಸೋಕೆ ಶುರು ಮಾಡ್ದೆ. ಕೋಶ ಒಡೆದು ಎನ್‌ಜೈಮ್ ತೆಗೆಯೋಕೆ ಈಸ್ಟನ್ನ ರಾತ್ರಿಯೆಲ್ಲಾ ಟಾಲ್ವೀನ್ ಅನ್ನೋ ದ್ರಾವಕದಲ್ಲಿ ಬಿಟ್ರೆ ಅದರದ್ದೇ ಪ್ರೋಟೀನ್ ಕತ್ತರಿಸೋ ಪ್ರೋಟಿಯೇಸ್‌ಗಳು ಎನ್‌ಜೈಮನ್ನ ತಿಂದು ಹಾಕ್ತವೆ. ಕೊನೆಗೆ 1897ರಲ್ಲಿ ಜರ್ಮನ್ ವಿಜ್ಞಾನಿ ಬುಕ್ನರ್ ಮಾಡಿದ ಹಾಗೇ ಮರಳು ಹಾಕಿ ಅರೆದೆ, ಒರಳನ್ನ ಐಸ್ ಮೇಲೆ ಇಟ್ಟು, ಇಪ್ಪತ್ತು ನಿಮಿಷ, ಕೈ ಬಿದ್ದೋಯ್ತು. ಮರಳನ್ನ ಹೇಗೆ ಹದ ಮಾಡ್ಕೊಂಡೆ ಅನ್ನೋದು ಮಾತ್ರ ನನ್ನ ಹತ್ರಾನೇ ಇರಲಿ.

ದುಡ್ಡು ಹೋಗಿದ್ದೆಲ್ಲಾ ಎಟಿಪಿಗೆ. ಮೂರು ಸಾವಿರದ ಹತ್ರ ಕೈಯಿಂದಾನೇ ಹಾಕ್ದೆ, ಅದರಲ್ಲಿ ಅರ್ಧ ಕರೆಂಟ್ ಹೋದ ಎರಡು ದಿನದಲ್ಲಿ ಫ್ರಿಜ್‌ನಲ್ಲೇ ಹಾಳಾಯ್ತು. ಈಗ ಚಿಕ್ಕ ಚಿಕ್ಕ ವಯಲ್‌ಗಳಲ್ಲಿ ಹಂಚಿ ಫ್ರೀಜರ್‌ನಲ್ಲಿ ಇಡ್ತೀನಿ.

'ಇದು ಎಟಿಪೇಸ್ ಇರಬೇಕು' (ಸಕ್ಕರೆ ಇಲ್ದೇನೂ ಎಟಿಪಿ ಒಡೆಯೋ ಬೇರೆ ಎನ್‌ಜೈಮ್) ಅಂದ ಹಿರಿಯರಿಗೆ ನಾಲ್ಕು ಟ್ಯೂಬ್ ಪಕ್ಕಪಕ್ಕ ಇಟ್ಟು ತೋರಿಸ್ದೆ. ಗ್ಲೂಕೋಸ್ ಇದ್ದಿದ್ದು ಎಂಟು ನಿಮಿಷಕ್ಕೆ ಹಳದಿ, ಫ್ರಕ್ಟೋಸ್ ಇನ್ನೂ ಬೇಗ, ಗ್ಯಾಲಕ್ಟೋಸ್‌ದು ನೇರಳೆಯಾಗೇ ಇತ್ತು, ಹೆಕ್ಸೋಕೈನೇಸ್‌ಗೆ ಬೇಕಾದ ಮೆಗ್ನೀಸಿಯಂ ಹಾಕದೇ ಬಿಟ್ಟಿದ್ದೂ ಹಾಗೇ. ಅವ್ರು ಟ್ಯೂಬ್ ಎತ್ತಿ ಕಿಟಕಿ ಕಡೆ ಹಿಡಿದು ನೋಡಿ 'ಇನ್ನೊಂದ್ಸಲ ಮಾಡಮ್ಮ' ಅಂದ್ರು.

ಇದರ ಮಧ್ಯೆ ಸೋಡಿಯಂ ಫ್ಲೋರೈಡನ್ನೂ ಹಾಕಿ ನೋಡ್ದೆ. ಬಲೂನ್ ಕಟ್ಟಿದ ಈಸ್ಟ್ ಬಾಟ್ಲಲ್ಲಿ ಗ್ಯಾಸ್ ನಿಂತೋಯ್ತು, ಆದ್ರೆ ನನ್ನ ಟ್ಯೂಬಲ್ಲಿ ಬಣ್ಣ ಇಳೀತಾನೇ ಇತ್ತು. ಫ್ಲೋರೈಡ್ ತಡೆಯೋದು ಗ್ಲೂಕೋಸ್ ಒಡೆಯೋ ಸರಪಳಿಯಲ್ಲಿ ಕೆಳಗಿರೋ ಇನೊಲೇಸ್ ಅನ್ನೋ ಎನ್‌ಜೈಮನ್ನ, ಮೇಲಿನ ಹೆಕ್ಸೋಕೈನೇಸ್ ಸ್ವಲ್ಪ ಹೊತ್ತು ಗ್ಲೂಕೋಸ್ ತಿಂತಾನೇ ಇರುತ್ತೆ. ಫ್ಲೋರೈಡ್ ಹಾಕಿರೋ ಬೂದು ಮುಚ್ಚಳದ ಟ್ಯೂಬಲ್ಲಿ ತೆಗೆದ ರಕ್ತದಲ್ಲೂ ಮೊದಲ ಒಂದೆರಡು ಗಂಟೆ ಶುಗರ್ ಇಳಿಯೋದು ಇದಕ್ಕೇ. ಈಗ ಅಪ್ಪನ ಬ್ಲಡ್ ಕೊಡೋ ಮುಂಚೆ ಸ್ಯಾಂಪಲ್ ಎಷ್ಟೊತ್ತಿಗೆ ಲ್ಯಾಬ್ ಸೇರುತ್ತೆ ಅಂತ ಕೇಳ್ಕೊಂಡೇ ಕೊಡಿಸ್ತೀನಿ.